ಪರ್ಕಳದಲ್ಲೊಂದು ಚಕ್ರದ ಪಾಠ

ಉಡುಪಿಯ ಕಲ್ಸಂಕದಿಂದ ಪೂರ್ವಕ್ಕೆ ಹೊರಟ ಬಸ್ಸು ಇಂದ್ರಾಳಿಯಲ್ಲಿ ಕೊಂಕಣ ರೈಲುಮಾರ್ಗವನ್ನು ದಾಟಿ, ಮಣಿಪಾಲದ ಏರನ್ನು ಹತ್ತಿ, ಆಸ್ಪತ್ರೆ ಕಾಲೇಜುಗಳ ಗದ್ದಲವನ್ನು ಹಿಂದಿಕ್ಕಿದ ಮೇಲೆ ಸಿಗುವ ಊರು ಪರ್ಕಳ. ಮಲ್ಪೆಯ ಕಡಲ ತೀರದಿಂದ ಹೆಬ್ರಿ, ಆಗುಂಬೆಗಳ ಮೂಲಕ ತೀರ್ಥಹಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಈ ಊರಿನ ನಡುವಿನಿಂದಲೇ ಹಾದುಹೋಗುತ್ತದೆ. ಆದರೂ ಪ್ರವಾಸಿಗರ ಪಟ್ಟಿಯಲ್ಲಿ ಪರ್ಕಳಕ್ಕೆ ಜಾಗವಿಲ್ಲ. ಕೃಷ್ಣನ ದರ್ಶನಕ್ಕೆ ಬಂದವರು ಉಡುಪಿಯಲ್ಲೇ ಇಳಿಯುತ್ತಾರೆ. ಸೂರ್ಯಾಸ್ತ ನೋಡಲು ಆಗುಂಬೆಗೆ ಹೊರಟವರು ಇಲ್ಲಿ ಒಂದು ಚಹಾಕ್ಕೆ ನಿಂತರೆ ಅದೇ ಹೆಚ್ಚು.

ಚಹಾ ಕುಡಿಯುತ್ತಾ ರಸ್ತೆ ನೋಡಿದವರಿಗೆ ಮಾತ್ರ ಒಂದು ಸಂಗತಿ ತಿಳಿದೀತು. ಇದು ಚಕ್ರಗಳ ದಾರಿ. ಮಲ್ಪೆಯ ಮೀನು ಹೊತ್ತು ಘಟ್ಟ ಹತ್ತುವ ಲಾರಿಗಳು, ಹೆಬ್ರಿ ಕಡೆಯ ಬಸ್ಸುಗಳು, ಮುರಕಲ್ಲು ತುಂಬಿದ ಟಿಪ್ಪರುಗಳು, ಮಣಿಪಾಲದ ವಿದ್ಯಾರ್ಥಿಗಳ ಬೈಕುಗಳು ಎಲ್ಲವೂ ಈ ದಾರಿಯಲ್ಲೇ ಸಾಗಬೇಕು. ಮುಂದೆ ಆಗುಂಬೆಯಲ್ಲಿ 14 ಹಿಮ್ಮುರಿ ತಿರುವುಗಳಿವೆ ಎಂಬುದನ್ನು ನೆನೆದು, ಗಾಳಿ ನೋಡಿಸಿಕೊಂಡು ಮುಂದೆ ಹೋಗುವ ಜಾಣರೂ ಉಂಟು. ಅಂಥವರು ನಿಲ್ಲಿಸುವ ಒಂದು ಟಯರ್ ಅಂಗಡಿಯಲ್ಲಿ, ಐವತ್ತು ದಾಟಿದ ವಿಜ್ಞಾನದ ಮಾಸ್ತರನಾದ ನಾನು ಕಳೆದ ಬೇಸಗೆಯಲ್ಲಿ ಒಂದು ಪಾಠ ಕಲಿತು ಬಂದೆ. ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಕಾಪುವಿಗೆ ಹೋದ ದಿನ

ಮಗನಿಗೆ ಕೆಲಸ ಸಿಕ್ಕಿತು. ಮೊದಲ ಸಂಬಳಗಳನ್ನು ಕೂಡಿಟ್ಟು ಒಂದು ಹಳೆಯ ಕಾರು ಕೊಂಡ. ಅಷ್ಟಕ್ಕೇ ಸುಮ್ಮನಿರದೆ ಕಾರಿನ ಸಾದಾ ಚಕ್ರಗಳನ್ನು ತೆಗೆಸಿ, ಹೊರಗಿನ ಅಂಗಡಿಯಿಂದ ಅಲಾಯ್ ಚಕ್ರಗಳನ್ನು ತಂದು ಹಾಕಿಸಿದ. ವ್ಯಾಸ 17 ಇಂಚು, ಅಗಲ 8 ಇಂಚು, ಐದೇ ಐದು ಸ್ಪೋಕುಗಳು. ಸ್ಪೋಕುಗಳು ಒಳಕ್ಕೆ ಕುಳಿತಿದ್ದವು. ಅವುಗಳ ಸುತ್ತ ಹೊಳೆಯುವ ಅಗಲವಾದ ಅಂಚು. ಸ್ಟೀಲಿನ ಪರಾತದಂತೆ ಕಾಣುತ್ತಿತ್ತು.

ಚಕ್ರಕ್ಕೆ ಟಯರ್ ಹಾಕಿದ ಮೇಲೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸುವುದು ವಾಡಿಕೆ. ಯಾವ ಕಡೆ ಹಗುರವೋ ಅಲ್ಲಿ ರಿಮ್ಮಿನ ಅಂಚಿಗೆ ಲೋಹದ ಸಣ್ಣ ತುಂಡುಗಳನ್ನು ಬಡಿದು ಕೂರಿಸುತ್ತಾರೆ. ನಿಮ್ಮ ಮನೆಯ ಕಾರಿನಲ್ಲೂ ಅವು ಇರುತ್ತವೆ, ನೋಡಿ. ಆದರೆ ನಮ್ಮವನದು ಒಂದೇ ಹಟ: "ಹೊರಗಿಂದ ಒಂದೇ ಒಂದು ತೂಕ ಕಾಣಬಾರದು." ಅಂಗಡಿಯವರು ಹೇಳಿದಂತೆ ಕೇಳಿದರು. ರಿಮ್ಮಿನ ಒಳಹೊಟ್ಟೆಯಲ್ಲಿ ಒಂದೇ ಸಾಲಿನಲ್ಲಿ ಅಂಟಿನ ತೂಕಗಳನ್ನು ಹಚ್ಚಿದರು. ಯಂತ್ರದ ಪರದೆಯಲ್ಲಿ ಸೊನ್ನೆ ಬಂತು. ನಾನೂ ಪಕ್ಕದಲ್ಲೇ ನಿಂತು ನೋಡಿ ತಲೆಯಾಡಿಸಿದೆ.

ಮುಂದಿನ ಭಾನುವಾರ ಮನೆಯವರೆಲ್ಲ ಕಾಪುವಿಗೆ ಹೊರಟೆವು. 1901ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿ ಬಂಡೆಯ ಮೇಲೆ ನಿಂತಿದೆ. ಅದನ್ನು ನೋಡಲು ಎಷ್ಟು ಸಲ ಹೋದರೂ ನಮಗೆ ಬೇಸರವಿಲ್ಲ. ಉಡುಪಿ ಪೇಟೆಯೊಳಗೆ ಕಾರು ಹೂವಿನಂತೆ ಹೋಯಿತು. ಹೆದ್ದಾರಿ 66ಕ್ಕೆ ಇಳಿದು ಕಟಪಾಡಿಯ ಕಡೆಗೆ ವೇಗ ಏರಿಸಿದಾಗ, ಮುಳ್ಳು 80 ದಾಟುತ್ತಿದ್ದಂತೆ ಸ್ಟೇರಿಂಗ್ ಎಡಬಲಕ್ಕೆ ನಡುಗತೊಡಗಿತು. 90ಕ್ಕೆ ಬರುವಾಗ ಮಗನ ಮೊಣಕೈವರೆಗೂ ಆ ನಡುಕ ಕಾಣುತ್ತಿತ್ತು. ಹಿಂದಿನ ಸೀಟಿನಲ್ಲಿ ಅವನ ಅಮ್ಮ ಮೇಲಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

"ಬ್ಯಾಲೆನ್ಸ್ ಸರಿ ಇಲ್ಲ ಕಾಣ್ತದೆ ಅಪ್ಪ," ಎಂದ ಮಗ.

"ಸೊನ್ನೆ ಬಂದದ್ದನ್ನು ನಾನೇ ನೋಡಿದ್ದೇನೆ. ಇದು ರಸ್ತೆಯ ದೋಷ," ಎಂದೆ ನಾನು. ಮಾಸ್ತರನ ಧ್ವನಿಯಲ್ಲಿ ಹೇಳಿದ್ದರಿಂದ ಅವನು ಎದುರು ಮಾತಾಡಲಿಲ್ಲ. ನಿಧಾನವಾಗಿಯೇ ಕಾಪು ಮುಟ್ಟಿದೆವು. ನಡುಗುವ ಸ್ಟೇರಿಂಗನ್ನು ನನ್ನ ಮಾತಿನ ಮೇಲಿನ ಭರವಸೆಯಿಂದ ಅವನು ಹಾಗೆಯೇ ಹಿಡಿದು ಹೋಗುತ್ತಿದ್ದಾನೆ ಎಂಬ ಯೋಚನೆ ಅಂದು ರಾತ್ರಿ ಮಾತ್ರ ನನ್ನನ್ನು ಮಲಗಗೊಡಲಿಲ್ಲ.

ಅರ್ಧ ಪಾಠ

ಅಂಗಡಿಯ ಯಜಮಾನ ನನ್ನ ಹಳೆಯ ವಿದ್ಯಾರ್ಥಿ. ಶಾಲೆಯಲ್ಲಿ ಹೆಚ್ಚು ಮಾತಿನವನಲ್ಲ, ಅಂಕಗಳೂ ಅಷ್ಟಕ್ಕಷ್ಟೇ. ಅವನು ಕಾರನ್ನು ಎತ್ತಿ, ಚಕ್ರ ಬಿಚ್ಚಿ, ಒಳಗಡೆ ಬೆರಳಾಡಿಸಿ ಒಂದು ಗಳಿಗೆ ಸುಮ್ಮನೆ ನಿಂತ. ಆಮೇಲೆ ಕೈ ಒರೆಸಿಕೊಳ್ಳುತ್ತಾ ಹೇಳಿದ: "ಸರ್, ಬೇಜಾರು ಮಾಡ್ಬಾರ್ದು. ನಮ್ಗೆ ನೀವು ಕ್ಲಾಸಲ್ಲಿ ಸೈಕಲ್ ಚಕ್ರ ತಂದು ತೋರ್ಸಿದ್ರಲ್ಲ, ಅದು ಅರ್ಧ ಪಾಠ. ಇವ್ರೂ ಅಷ್ಟೇ ಮಾಡಿದ್ದಾರೆ."

ಆ ಪಾಠ ನನಗೆ ಚೆನ್ನಾಗಿ ನೆನಪಿದೆ. ಪ್ರತಿ ವರ್ಷವೂ ಮಾಡುತ್ತಿದ್ದೆ. ಸೈಕಲ್ಲಿನ ಮುಂದಿನ ಚಕ್ರವನ್ನು ಎತ್ತಿ ಹಿಡಿದು ಮೆಲ್ಲಗೆ ತಿರುಗಿಸಿ ಬಿಟ್ಟರೆ ಭಾರವಾದ ಬದಿ ತಾನಾಗಿ ಕೆಳಕ್ಕೆ ಬಂದು ನಿಲ್ಲುತ್ತದೆ. ಎದುರು ಬದಿಗೆ ಸ್ವಲ್ಪ ತಂತಿ ಸುತ್ತಿದರೆ ಚಕ್ರ ಹೇಗೆ ಬಿಟ್ಟರೂ ಹಾಗೆಯೇ ನಿಲ್ಲುತ್ತದೆ. ಆಗ ಅದರ ಗುರುತ್ವಕೇಂದ್ರ ಅಕ್ಷದ ಮೇಲೆ ಬಂದಿದೆ ಎಂದರ್ಥ. "ಇದೇ ಸಮತೋಲನ," ಎಂದು ಕಪ್ಪು ಹಲಗೆಯ ಮೇಲೆ ಅಡಿಗೆರೆ ಎಳೆದು ಬರೆಯುತ್ತಿದ್ದೆ. ಮಣಿಪಾಲದ ಪ್ರಯೋಗಾಲಯಗಳಲ್ಲಿ ರಕ್ತದ ನಳಿಕೆಗಳನ್ನು ಗಿರಗಿರನೆ ತಿರುಗಿಸುವ ಯಂತ್ರದಲ್ಲಿ ಒಂದು ನಳಿಕೆಗೆ ಎದುರಾಗಿ ಅಷ್ಟೇ ಭಾರದ ಇನ್ನೊಂದನ್ನು ಇಡುತ್ತಾರೆ ಎಂಬ ಉದಾಹರಣೆಯನ್ನೂ ಕೊಡುತ್ತಿದ್ದೆ.

ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದು ನಿಂತ ಚಕ್ರದ ಸಮತೋಲನ. ಸೈಕಲ್ ಚಕ್ರ ತೆಳ್ಳಗೆ, ಹೆಚ್ಚುಕಡಿಮೆ ಒಂದು ಬಳೆಯಂತೆ. ಎಂಟು ಇಂಚಿನ ಚಕ್ರ ಬಳೆಯಲ್ಲ, ಡಬ್ಬಿ. ಡಬ್ಬಿಯ ಎಡತುದಿಯಲ್ಲಿ ಮೇಲ್ಗಡೆ ಒಂದು ಭಾರ, ಬಲತುದಿಯಲ್ಲಿ ಕೆಳಗಡೆ ಅಷ್ಟೇ ಭಾರ ಇದೆಯೆಂದು ಭಾವಿಸಿ. ನಿಂತಾಗ ಎರಡೂ ಒಂದನ್ನೊಂದು ತೂಗಿಸುತ್ತವೆ. ಗುರುತ್ವಕೇಂದ್ರ ಅಕ್ಷದ ಮೇಲೇ ಇದೆ. ತಿರುಗಿಸಿದ ಕೂಡಲೇ ಒಂದು ಎಡತುದಿಯನ್ನು ಮೇಲಕ್ಕೆ, ಇನ್ನೊಂದು ಬಲತುದಿಯನ್ನು ಕೆಳಕ್ಕೆ ಎಳೆಯುತ್ತದೆ. ಅರ್ಧ ಸುತ್ತಾದ ಮೇಲೆ ಅದೇ ಎಳೆತ ತಿರುಗುಮುರುಗು. ಭೌತಶಾಸ್ತ್ರದಲ್ಲಿ ಇದಕ್ಕೆ ಬಲಯುಗ್ಮ ಎಂದು ಹೆಸರು. ಚಕ್ರ ತಲೆ ಕೊಡವಿದಂತೆ ಓಲಾಡುತ್ತದೆ. ಸ್ಟೇರಿಂಗಿನ ನಡುಕ ಅದೇ.

ಬಿ.ಎಸ್‌ಸಿ.ಯಲ್ಲಿ ಇದನ್ನು ಓದಿ, ಬರೆದು, ತೇರ್ಗಡೆಯಾಗಿದ್ದೇನೆ. ಆದರೂ ಇಷ್ಟು ವರ್ಷ ತರಗತಿಯಲ್ಲಿ ಒಂದು ದಿನವೂ ಇದನ್ನು ಹೇಳಲಿಲ್ಲ. ಪರದೆಯಲ್ಲಿ ಸೊನ್ನೆ ಕಂಡಾಗ "ಯಾವ ಲೆಕ್ಕದ ಸೊನ್ನೆ?" ಎಂದು ಕೇಳಲೂ ಇಲ್ಲ.

ಮೂವತ್ತು ಗ್ರಾಮಿನ ಪ್ರತಾಪ

ಮೂವತ್ತು ಗ್ರಾಂ ಎಂದರೆ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಇಡದ ತೂಕ. ಈಗ ಲೆಕ್ಕ ಹಾಕೋಣ. ಅದು ಅಕ್ಷದಿಂದ 20 ಸೆಂಟಿಮೀಟರ್ ದೂರದಲ್ಲಿದೆ. ಟಯರ್ ಸೇರಿ ಚಕ್ರದ ತ್ರಿಜ್ಯ ಸುಮಾರು 32 ಸೆಂಟಿಮೀಟರ್. ಕಾರು ಗಂಟೆಗೆ 90 ಕಿಲೋಮೀಟರ್ ಹೋಗುವಾಗ ಚಕ್ರ ಸೆಕೆಂಡಿಗೆ 12ಕ್ಕೂ ಹೆಚ್ಚು ಸಲ ಸುತ್ತುತ್ತದೆ. ಆಗ ಆ ಮೂವತ್ತು ಗ್ರಾಂ ಹೊರಕ್ಕೆ ಎಳೆಯುವ ಬಲ ಸುಮಾರು 37 ನ್ಯೂಟನ್, ಎಂದರೆ ಮೂರುಮುಕ್ಕಾಲು ಕಿಲೋ ಭಾರದಷ್ಟು. ವೇಗ 45ಕ್ಕೆ ಇಳಿದರೆ ಬಲ ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ; ಏಕೆಂದರೆ ಅದು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪೇಟೆಯಲ್ಲಿ ಹೂವಿನಂತಿದ್ದ ಕಾರು ಹೆದ್ದಾರಿಯಲ್ಲಿ ನಡುಗಿದ್ದು ಇದಕ್ಕೇ. ಉಡುಪಿಯ ರಥಬೀದಿಯಲ್ಲಿ ಬ್ರಹ್ಮರಥದ ಅಷ್ಟು ದೊಡ್ಡ ಚಕ್ರಗಳಿಗೆ ಯಾರೂ ಇಂಥ ತೂಕ ಕಟ್ಟದಿದ್ದರೂ ನಡೆಯುವುದು ಇದಕ್ಕೇ. ರಥ ಮನುಷ್ಯನ ನಡಿಗೆಯ ವೇಗದಲ್ಲಿ ಸಾಗುತ್ತದೆ.

ಬ್ಯಾಲೆನ್ಸಿಂಗ್ ಯಂತ್ರ ಈ ಎಳೆತವನ್ನೇ ಅಳೆಯುತ್ತದೆ. ಚಕ್ರ ಕೂರಿಸುವ ದಂಡಕ್ಕೆ ಎರಡು ಕಡೆ ಬಲ ಅಳೆಯುವ ಸಂವೇದಕಗಳಿರುತ್ತವೆ. ಚಕ್ರವನ್ನು ಕೆಲವು ಸೆಕೆಂಡು ತಿರುಗಿಸಿದಾಗ ಎರಡೂ ಕಡೆಯ ಅಳತೆಯಿಂದ, ಒಳಸಾಲಿಗೆ ಎಷ್ಟು, ಹೊರಸಾಲಿಗೆ ಎಷ್ಟು, ಯಾವ ಜಾಗದಲ್ಲಿ ಎಂದು ಯಂತ್ರ ಹೇಳುತ್ತದೆ. ಒಂದೇ ಸಾಲಿನ ಲೆಕ್ಕ ಕೇಳಿದರೆ ಅಷ್ಟನ್ನೇ ಹೇಳುತ್ತದೆ. ಮೊದಲ ಅಂಗಡಿಯಲ್ಲಿ ನಾವು ಕೇಳಿದ್ದು ಅಷ್ಟನ್ನೇ. ಯಂತ್ರ ಸುಳ್ಳು ಹೇಳಿರಲಿಲ್ಲ.

ಮರೆಯಲ್ಲಿಡಲು ತೆರಬೇಕಾದ ಬೆಲೆ

"ಹಾಗಾದ್ರೆ ಹೊರಗೆ ಕಾಣದ ಹಾಗೆ ಮಾಡ್ಲಿಕ್ಕೆ ಆಗುದಿಲ್ವಾ?" ಎಂದು ಮಗ ಕೇಳಿದ.

"ಆಗ್ತದೆ. ಒಂದು ಸಾಲು ಸ್ಪೋಕಿನ ಬೆನ್ನಿಗೆ, ಇನ್ನೊಂದು ಒಳಗಿನ ಅಂಚಿಗೆ. ಆದ್ರೆ ತೂಕ ಜಾಸ್ತಿ ಹಿಡೀತದೆ," ಎಂದ ಯಜಮಾನ. ಏಕೆ ಹೆಚ್ಚು ಎಂಬುದನ್ನು ಬಿಲ್ಲಿನ ಹಿಂಬದಿಯಲ್ಲಿ ನಾನೇ ಬರೆದು ನೋಡಿದೆ. ವಿದ್ಯಾರ್ಥಿಗಳು ಪೆನ್ಸಿಲು ಹಿಡಿಯಲಿ.

ರಿಮ್ಮಿನ ಒಳಅಂಚಿನಿಂದ ಹೊರಅಂಚಿಗೆ 20 ಸೆಂಟಿಮೀಟರ್. ಹೊರಅಂಚಿನಲ್ಲಿ ಒಂದು ಕಡೆ 30 ಗ್ರಾಂ ಭಾರ ಹೆಚ್ಚಿದೆ ಎನ್ನೋಣ. ಸರಿ ಎದುರಿಗೆ, ಹೊರಅಂಚಿನಲ್ಲೇ 30 ಗ್ರಾಂ ಇಟ್ಟರೆ ಕತೆ ಮುಗಿಯಿತು. ಆದರೆ ಅಲ್ಲಿ ಇಟ್ಟರೆ ಕಾಣುತ್ತದೆ. ಸ್ಪೋಕಿನ ಬೆನ್ನಿನ ಸಾಲು ಒಳಅಂಚಿನಿಂದ 12 ಸೆಂಟಿಮೀಟರ್ ದೂರದಲ್ಲಿದೆ. ಒಳಅಂಚಿನಿಂದ ಅಳೆದರೆ ದೋಷದ ಗುಣಲಬ್ಧ 30 × 20 = 600. ಅದನ್ನು 12 ಸೆಂಟಿಮೀಟರಿನಲ್ಲಿ ತೂಗಿಸಲು 600 ÷ 12 = 50 ಗ್ರಾಂ ಬೇಕು. ಓಲಾಟ ನಿಂತಿತು. ಆದರೆ 30 ಗ್ರಾಮಿನ ಎದುರು 50 ಗ್ರಾಂ ಇಟ್ಟಂತಾಯಿತಲ್ಲ! ಹೆಚ್ಚಾದ 20 ಗ್ರಾಮನ್ನು ಸರಿದೂಗಿಸಲು ಒಳಅಂಚಿನಲ್ಲಿ, ದೋಷವಿರುವ ಬದಿಗೇ, ಇನ್ನೂ 20 ಗ್ರಾಂ ಇಡಬೇಕು. ಒಟ್ಟು 70 ಗ್ರಾಂ. ಕಣ್ಣಿಗೆ ಕಾಣುವಂತೆ 30ರಲ್ಲಿ ಮುಗಿಯುವ ಕೆಲಸಕ್ಕೆ ಕಾಣದಂತೆ 70.

ಭಾರವಿರುವ ಬದಿಗೇ ಮತ್ತೆ ಭಾರ ಹಚ್ಚುವುದನ್ನು ನೋಡಿ, ಕೆಲಸದ ಹುಡುಗ ತಪ್ಪಿದ ಎಂದು ಜಗಳಕ್ಕೆ ಇಳಿಯುವ ಗಿರಾಕಿಗಳಿದ್ದಾರಂತೆ. ಲೆಕ್ಕ ತಿಳಿಯದಿದ್ದರೆ ನಾನೂ ಇಳಿಯುತ್ತಿದ್ದೆ. ಸ್ಪೋಕು ಎಷ್ಟು ಒಳಕ್ಕೆ ಕುಳಿತಿದೆಯೋ ಎರಡು ಸಾಲುಗಳು ಅಷ್ಟು ಹತ್ತಿರವಾಗುತ್ತವೆ, ತೂಕ ಅಷ್ಟು ಏರುತ್ತದೆ.

ಇನ್ನೂ ಒಂದು ತೊಡಕಿತ್ತು. ಯಂತ್ರ 50 ಗ್ರಾಂ ಇಡಲು ತೋರಿಸಿದ ಜಾಗ ಎರಡು ಸ್ಪೋಕುಗಳ ನಡುವಿನ ಖಾಲಿ. ಅಲ್ಲಿ ಹಚ್ಚಿದರೆ ಸಂದಿಯಿಂದ ಬೆಳ್ಳಗೆ ಕಾಣುತ್ತದೆ. ಯಜಮಾನ ಯಂತ್ರದ ಇನ್ನೊಂದು ಗುಂಡಿ ಒತ್ತಿದ. ತೂಕ ಎರಡಾಗಿ ಒಡೆದು, ಅಕ್ಕಪಕ್ಕದ ಎರಡು ಸ್ಪೋಕುಗಳ ಬೆನ್ನಿಗೆ ಹಂಚಿಹೋಯಿತು. 25 ಮತ್ತು 25 ಇರಬೇಕಲ್ಲ? ಇಲ್ಲ, 31 ಮತ್ತು 31! ಐದು ಸ್ಪೋಕುಗಳ ಚಕ್ರದಲ್ಲಿ ಎರಡರ ನಡುವಿನ ಕೋನ 72 ಡಿಗ್ರಿ. ನಡುಗೆರೆಯಿಂದ ಒಂದೊಂದೂ 36 ಡಿಗ್ರಿ ವಾಲಿದೆ. ವಾಲಿದ ಎಳೆತದಲ್ಲಿ ಒಂದು ಪಾಲು ಪಕ್ಕಕ್ಕೆ ಹೋಗಿ, ಒಂದನ್ನೊಂದು ಕಳೆದುಕೊಳ್ಳುತ್ತದೆ. ಸದಿಶಗಳ ಸಮಾಂತರ ಚತುರ್ಭುಜ ನಿಯಮ ಓದುವ ಮಕ್ಕಳು 50ನ್ನು 36 ಡಿಗ್ರಿಯ ಕೊಸೈನಿನ ಎರಡರಷ್ಟರಿಂದ, ಎಂದರೆ 1.618ರಿಂದ, ಭಾಗಿಸಿ ನೋಡಿ. ಅಂಟಿನ ತೂಕಗಳು ಬರುವುದು ಐದೈದು ಗ್ರಾಮಿನ ತುಂಡುಗಳಾಗಿ. ಹಾಗಾಗಿ ಒಂದೊಂದು ಕಡೆ 30 ಗ್ರಾಂ ಹಚ್ಚಿದ. ಕೂಡಿದ ಬಲ 48.5 ಗ್ರಾಮಿನದು, ಒಂದೂವರೆ ಗ್ರಾಮಿನ ಕೊರತೆ ಕಾರಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ.

ಈ ನಿಯಮಕ್ಕೆ ಪರೀಕ್ಷೆಯಲ್ಲಿ ಎಷ್ಟೋ ಸಲ ಅಂಕ ಕೊಟ್ಟಿದ್ದೇನೆ. ಅದು ಕೆಲಸ ಮಾಡುವುದನ್ನು ಕಣ್ಣಾರೆ ಕಂಡದ್ದು ಪರ್ಕಳದಲ್ಲಿ.

ಅಂಟು, ಕೊಳೆ ಮತ್ತು ಒಂದು ಮಿಲಿಮೀಟರ್

ಲೆಕ್ಕ ಸರಿಯಾದರೆ ಸಾಲದು, ಹಚ್ಚುವ ಕೈಯೂ ಸರಿಯಿರಬೇಕು. ತೂಕ ಹಚ್ಚುವ ಮೊದಲು ಅವನು ರಿಮ್ಮಿನ ಒಳಮೈಯಿಂದ ಬ್ರೇಕಿನ ಕಪ್ಪು ಪುಡಿಯನ್ನೂ ಹಳೆಯ ಅಂಟನ್ನೂ ಕೆರೆದು, ದ್ರಾವಕ ಹಾಕಿ ಒರೆಸಿ, ಒಣಗಿದ ಮೇಲೆ ಹಚ್ಚಿ, ಹೆಬ್ಬೆರಳಿನಿಂದ ಒತ್ತಿ ಹಿಡಿದ. ನಮ್ಮ ಕರಾವಳಿಯ ಮಳೆಗೆ ಕೊಳೆಯ ಮೇಲೆ ಹಚ್ಚಿದ ಅಂಟು ನಿಲ್ಲುವುದಿಲ್ಲ. ಕಾಣುವ ತೂಕ ಬಿದ್ದರೆ ಬಿದ್ದದ್ದಾದರೂ ಗೊತ್ತಾಗುತ್ತದೆ. ಕಾಣದ್ದು ಬಿದ್ದರೆ ಗೊತ್ತಾಗುವುದು ಸ್ಟೇರಿಂಗ್ ನಡುಗಿದಾಗಲೇ. ಒಳಗೆ ಬ್ರೇಕಿನ ಭಾಗಗಳಿಗೂ ತೂಕಕ್ಕೂ ನಡುವೆ ಸಾಕಷ್ಟು ಅಂತರವಿದೆಯೇ ಎಂದು ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿಯೂ ನೋಡಿದ. ತೂಕಗಳು ಹಿಂದೆ ಸೀಸದವೇ ಆಗಿದ್ದವು. ಸೀಸ ವಿಷವಾದ್ದರಿಂದ ಯುರೋಪಿನಲ್ಲಿ 2005ರಿಂದ ಅವುಗಳಿಗೆ ತಡೆ ಬಿದ್ದು, ಸತು ಮತ್ತು ಉಕ್ಕಿನವು ಬಂದಿವೆ.

ತೂಕವನ್ನೇ ಕಡಿಮೆ ಮಾಡುವ ಉಪಾಯವೂ ಉಂಟು. ಹಲವು ಹೊಸ ಟಯರುಗಳ ಬದಿಯಲ್ಲಿ ಹಳದಿ ಚುಕ್ಕೆ ಇರುತ್ತದೆ. ಟಯರಿನ ಅತಿ ಹಗುರ ಜಾಗ ಅದು. ಗಾಳಿ ತುಂಬುವ ವಾಲ್ವಿನ ನೇರಕ್ಕೇ, ಅದರ ಪಕ್ಕದಲ್ಲೇ ಅದನ್ನು ಕೂರಿಸಿದರೆ ಹಗುರವೂ ಭಾರವೂ ಒಂದಕ್ಕೊಂದು ಆಗುತ್ತವೆ. ಚುಕ್ಕೆ ಮಾಸಿದ್ದರೆ ಟಯರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಬಹುದು. ನಮ್ಮ ಒಂದು ಚಕ್ರಕ್ಕೆ ಹೀಗೆ ಮಾಡಿದಾಗಲೇ ಬೇಕಾದ ತೂಕ ಅರ್ಧಕ್ಕಿಂತ ಕೆಳಗಿಳಿಯಿತು.

ಕೊನೆಯದಾಗಿ ಅವನು ಚಕ್ರದ ನಡುವಿನ ತೂತಿಗೆ ಬೆರಳು ಹಾಕಿ ತೋರಿಸಿದ. ಹೊರಗಿನ ಚಕ್ರಗಳು ನಾನಾ ಕಾರುಗಳಿಗೆ ಹೊಂದಲೆಂದು ನಡುತೂತನ್ನು ದೊಡ್ಡದಾಗಿಯೇ ಮಾಡಿರುತ್ತಾರೆ. ಯಂತ್ರದ ಮೇಲೆ ನಡುವಿಗೆ ಕುಳಿತ ಚಕ್ರ ಕಾರಿನ ಮೇಲೆ ನಡುವಿಗೆ ಕೂರದೇ ಹೋಗಬಹುದು. 20 ಕಿಲೋ ಭಾರದ ಚಕ್ರ ಒಂದೇ ಮಿಲಿಮೀಟರ್ ಸರಿದರೂ, 20 ಸೆಂಟಿಮೀಟರ್ ದೂರದಲ್ಲಿ 100 ಗ್ರಾಂ ಇಟ್ಟಷ್ಟೇ ದೋಷ. ಅಷ್ಟು ಹೊತ್ತಿನ ನಾಜೂಕು ಕೆಲಸ ನೀರಲ್ಲಿ ಹೋಮ! ಅದಕ್ಕೆ ತೂತಿನ ಸಂದು ತುಂಬುವ ಬಳೆಗಳು ಸಿಗುತ್ತವೆ. ಅವನ್ನು ಹಾಕಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದ.

ಹೆತ್ತವರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿ ಹಿಡಿದಿದೆ. ಮಕ್ಕಳು ಚಕ್ರ ಬದಲಿಸುತ್ತೇನೆ ಎಂದಾಗ ಮೊದಲು ಕಾರಿನ ಕೈಪಿಡಿ ತೆಗೆದು, ಕಂಪೆನಿ ಕೊಟ್ಟ ಅಳತೆ ಯಾವುದೆಂದು ಓದಿ. ನಾವು ಓದಿದ್ದು ಚಕ್ರ ಹಾಕಿಸಿದ ಮೇಲೆ. ಅದರಲ್ಲಿ 17 ಇಂಚಿನ ವ್ಯಾಸ ಇತ್ತು, ಅಗಲ ಮಾತ್ರ ಒಂದು ಇಂಚು ಕಡಿಮೆ. ಈ ಚಕ್ರಗಳನ್ನು ಕೊಟ್ಟು ಏಳು ಇಂಚಿನವನ್ನು ತರುವುದೆಂದು ಮಗ ಒಪ್ಪಿದ. ಅವಕ್ಕೂ ತೂಕ ಮರೆಯಲ್ಲೇ ಇರಲಿ ಎಂದ; ಅದಕ್ಕೆ ನನ್ನ ತಕರಾರಿಲ್ಲ.

ಲಟ್ಟಣಿಗೆಯ ಪ್ರಯೋಗ

ಶಾಲೆ ಶುರುವಾದ ವಾರ ತರಗತಿಗೆ ಮನೆಯಿಂದ ಲಟ್ಟಣಿಗೆ ಒಯ್ದೆ. ಹಿಡಿಗಳು ನಿಂತು ನಡುಭಾಗ ಮಾತ್ರ ತಿರುಗುವಂಥದ್ದು ಬೇಕು. ನೀವೂ ಮಾಡಿ ನೋಡಬಹುದು. ಎಡತುದಿಯಲ್ಲಿ ಒಂದು ನಾಣ್ಯವನ್ನು, ಬಲತುದಿಯಲ್ಲಿ ಸರಿಯಾಗಿ ಅದರ ಎದುರು ಬದಿಗೆ ಅಂಥದ್ದೇ ಇನ್ನೊಂದು ನಾಣ್ಯವನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಿ. ಹಿಡಿಗಳನ್ನು ಹಗುರವಾಗಿ ಹಿಡಿದು ಮೆಲ್ಲಗೆ ತಿರುಗಿಸಿ ಬಿಡಿ: ಯಾವ ಬದಿಯೂ ಕೆಳಕ್ಕೆ ಓಡುವುದಿಲ್ಲ. ಈಗ ಗೆಳೆಯನೊಬ್ಬ ಅದನ್ನು ಅಂಗೈಯಿಂದ ರಭಸವಾಗಿ ತಿರುಗಿಸಲಿ: ಎರಡು ಕೈಗಳಿಗೂ ಒಂದಾದ ಮೇಲೊಂದರಂತೆ ನಡುಕ ತಿಳಿಯುತ್ತದೆ. ನಾಣ್ಯ ಹಾರದಂತೆ ಎಚ್ಚರವಿರಲಿ, ಮುಖ ದೂರವಿರಲಿ.

ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಸರ್, ಕಳೆದ ವರ್ಷ ಅಣ್ಣನ ಕ್ಲಾಸಿಗೆ ಸೈಕಲ್ ಚಕ್ರ ಮಾತ್ರ ತೋರಿಸಿದ್ದಂತೆ?"

"ಹೌದು. ಅರ್ಧ ಹೇಳಿದ್ದೆ. ಉಳಿದರ್ಧ ಇವತ್ತು ಹೇಳಿದ್ದೇನೆ, ಅಣ್ಣನಿಗೂ ಹೇಳು," ಎಂದೆ. ತರಗತಿ ನಕ್ಕಿತು. ಮಾಸ್ತರನ ತಪ್ಪಿಗೆ ಮಕ್ಕಳು ನಗುವುದು ನ್ಯಾಯವೇ.

ಆ ದಿನ ಪರ್ಕಳದಿಂದ ಹೊರಟವರು ಮತ್ತೆ ಕಾಪುವಿಗೇ ಹೋದೆವು. ಕಟಪಾಡಿ ದಾಟುವಾಗ ಮುಳ್ಳು 80ರ ಮೇಲಿತ್ತು. ಮಗ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಹಿಂದಕ್ಕೆ ತಿರುಗಿ ನೋಡಿದೆ. ಅವನ ಅಮ್ಮ ಹಿಡಿಕೆಯನ್ನು ಬಿಟ್ಟು, ಮಡಿಲಲ್ಲಿದ್ದ ಪೊಟ್ಟಣ ಬಿಚ್ಚಿ ನೆಲಗಡಲೆ ಸುಲಿಯುತ್ತಿದ್ದಳು.